ನಾಲಿಗೆ ಮೇಡಂ ಅವರ ಶನಿವಾರದ ಖಾರ

ನನ್ನ ದೊಡ್ಡಮ್ಮನಿಗೆ ಮೂರು ವರ್ಷ ತುಂಬಿದರೂ ಹೆಬ್ಬೆರಳು ಚೀಪುವ ಚಟ ಬಿಟ್ಟಿರಲಿಲ್ಲವಂತೆ. ಅಜ್ಜಿ ಬೆರಳಿಗೆ ಬಟ್ಟೆ ಸುತ್ತಿ ನೋಡಿದಳು, ಕಹಿ ಔಷಧಿ ಹಚ್ಚಿ ನೋಡಿದಳು, ಗದರಿ ನೋಡಿದಳು. ಕೊನೆಗೆ ಒಂದು ಮಧ್ಯಾಹ್ನ ರೋಸಿಹೋಗಿ, ಕೆಂಪು ಮೆಣಸಿನಕಾಯಿ ಅರೆದು ಮಗುವಿನ ಬಲಗೈ ಹೆಬ್ಬೆರಳಿಗೆ ದಪ್ಪಗೆ ಬಳಿದಳು. ಮಗು ಬೆರಳು ಬಾಯಿಗಿಟ್ಟಿತು. ಮುಖ ಕೆಂಪಾಯಿತು, ಕಿವಿ ಕೆಂಪಾಯಿತು, ಮೂಗು ಸೋರಿತು. ಇನ್ನೇನು ಮನೆ ಹಾರಿಹೋಗುವಂತೆ ಅಳು ಶುರುವಾಗುತ್ತದೆ ಎಂದು ಅಜ್ಜಿ ಸಕ್ಕರೆ ಡಬ್ಬಿ ಹಿಡಿದು ಕಾದಳು. ಮಗು ಬೆರಳನ್ನು ಬುಡದವರೆಗೂ ಚೀಪಿ, ಸ್ವಚ್ಛ ಮಾಡಿ, ಎಡಗೈ ಹೆಬ್ಬೆರಳನ್ನು ಅಜ್ಜಿಯ ಮುಂದೆ ಚಾಚಿ, "ಇದಕ್ಕೂ" ಎಂದಿತು.

ಅಂಥ ಮಗು ದೊಡ್ಡದಾಗಿ, ಖಾರ ಮುಟ್ಟಲೇಬಾರದ ಕೆಲಸವೊಂದಕ್ಕೆ ಸೇರಿಕೊಂಡಿತು ಎಂದರೆ ಏನು ಹೇಳೋಣ? ದೊಡ್ಡಮ್ಮ ಮೂವತ್ತೊಂದು ವರ್ಷ ಒಂದು ಚಹಾ ಕಂಪನಿಯಲ್ಲಿ ರುಚಿ ನೋಡುವವಳಾಗಿದ್ದಳು. ಅಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಗೇಟಿನವನಿಂದ ಹಿಡಿದು ಮಾಲೀಕರವರೆಗೂ ಎಲ್ಲರಿಗೂ ಅವಳು 'ನಾಲಿಗೆ ಮೇಡಂ'.

ಅವಳು ಮೊದಲು ಸೇರಿದ್ದು ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ. ಆಗ ಇಪ್ಪತ್ತಮೂರು ವಯಸ್ಸು, ಮದುವೆಯಾಗಿ ಆರು ತಿಂಗಳು. ಒಂದು ಬೆಳಿಗ್ಗೆ ಹೊಸ ಮಾದರಿಯ ಡಬ್ಬಿಗಳನ್ನು ರುಚಿ ಕೋಣೆಗೆ ಒಯ್ದು ಕೊಡುವಾಗ, ಬಾಯಿ ತಡೆಯಲಾರದೆ, "ಸಾರ್, ಈ ಆರನೇ ಡಬ್ಬಿನ ಸೋಪಿನ ಪಕ್ಕ ಇಟ್ಟಿದ್ರು ಅನ್ಸುತ್ತೆ" ಎಂದುಬಿಟ್ಟಳು. ಕೋಣೆಯ ಒಡೆಯರಾದ ಮುಖ್ಯ ರುಚಿಗಾರರು, ಎಲ್ಲರೂ ದೊಡ್ಡ ಸಾಹೇಬರು ಎನ್ನುತ್ತಿದ್ದ ಆ ಉದ್ದನೆಯ ಒಣಕಲು ಮನುಷ್ಯ, ಡಬ್ಬಿಯನ್ನು ಮೂಗಿಗೆ ಹಿಡಿದರು. ಅವಳನ್ನು ನೋಡಿದರು. ವಿಚಾರಿಸಿದಾಗ ಆ ಲಾರಿ ಹಿಂದಿನ ದಿನ ಸೋಪಿನ ಪೆಟ್ಟಿಗೆ ಹೊತ್ತಿದ್ದು ನಿಜವಾಗಿತ್ತು. ಮರುವಾರವೇ ದೊಡ್ಡಮ್ಮನ ಕೈಗೆ ಚೀಟಿಯ ಅಂಟಿನ ಬದಲು ಬೆಳ್ಳಿಯ ಚಮಚ ಬಂತು.

ಚಮಚದ ಜೊತೆಗೆ ಒಂದು ಕಾಗದವೂ ಬಂತು. ತಂಬಾಕು ಕೂಡದು, ಹಸಿ ಈರುಳ್ಳಿ ಕೂಡದು, ಬೆಳ್ಳುಳ್ಳಿ ಕೂಡದು, ಮೆಣಸಿನಕಾಯಿಯಂತೂ ಯಾವ ರೂಪದಲ್ಲೂ ಕೂಡದು. ಕೆಳಗೆ ರುಜು.

"ಇವತ್ತಿಂದ ನಿಮ್ಮ ನಾಲಿಗೆ ನಿಮ್ಮದಲ್ಲ, ಕಂಪನೀದು" ಎಂದರು ದೊಡ್ಡ ಸಾಹೇಬರು.

"ಹಾಗಾದ್ರೆ ಮನೇಲಿ ನಮ್ಮನೆಯವರನ್ನ ಬೈಯ್ಯೋಕೆ ಏನ್ ಮಾಡ್ಲಿ ಸಾರ್?"

ಸಾಹೇಬರು ನಗಲಿಲ್ಲ. ಅವರು ನಗುವುದನ್ನು ಯಾರೂ ಕಂಡಿರಲಿಲ್ಲ. ಅವರ ತಂದೆಯೂ ರುಚಿಗಾರರೇ ಆಗಿದ್ದರಂತೆ. ಹುಟ್ಟಿದಾರಭ್ಯ ಆ ಮನೆಯಲ್ಲಿ ಸಪ್ಪೆ ಊಟ. ದಿನಾ ಮಧ್ಯಾಹ್ನ ಒಂದು ಗಂಟೆಗೆ ಬೇಯಿಸಿದ ಕುಂಬಳಕಾಯಿಯ ಡಬ್ಬಿ ಬಿಚ್ಚಿ, ಗೋಡೆ ನೋಡುತ್ತಾ ತಿಂದು ಮುಗಿಸುತ್ತಿದ್ದರು.

ದೊಡ್ಡಮ್ಮ ಆ ಕಾಗದಕ್ಕೆ ನಿಷ್ಠೆಯಿಂದ ನಡೆದುಕೊಂಡಳು. ಹನ್ನೊಂದು ದಿನ. ಹನ್ನೆರಡನೆಯ ದಿನ ಸಂಜೆ ದೊಡ್ಡಪ್ಪ ತಮ್ಮ ಕನ್ನಡಕದ ಅಂಗಡಿ ಮುಚ್ಚಿ ಮನೆಗೆ ಬಂದಾಗ, ಅಡುಗೆಮನೆಯ ಕಿಟಕಿಯ ಹತ್ತಿರ ಅವಳು ಕಣ್ಣು ಮುಚ್ಚಿ ಕೂತಿದ್ದಳು. ಕೈಯಲ್ಲಿ ಬೆಣ್ಣೆ ಸವರಿದ ಬ್ರೆಡ್ಡು, ಅದರ ಮೇಲೆ ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ. ಹಣೆಯ ಮೇಲೆ ಸಾಲು ಬೆವರು.

"ಏನೇ ಇದು, ರುಜು ಹಾಕಿ ಬಂದಿದ್ದೆ ಅಲ್ವಾ?"

"ರುಜು ಹಾಕಿದ್ದು ಕೈ ರೀ. ತಿಂತಿರೋದು ಬಾಯಿ."

ದೊಡ್ಡಪ್ಪನಿಗೆ ಖಾರವೆಂದರೆ ಆಗದು. ಮೆಣಸಿನಕಾಯಿ ಮುರಿದ ಸದ್ದು ಕೇಳಿದರೇ ಸೀನುತ್ತಾರೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಆದರೂ ಅವತ್ತು ಅವಳ ಮುಖದ ಮೇಲಿದ್ದ ಸುಖ ಕಂಡು ಅವರಿಗೆ ಏನನ್ನಿಸಿತೋ, ಮರುದಿನವೇ ಎರಡು ಕುಂಡ ತಂದು ಬಾಲ್ಕನಿಯಲ್ಲಿಟ್ಟರು. ಎರಡು ಹೋಗಿ ನಾಲ್ಕಾಯಿತು, ನಾಲ್ಕು ಹೋಗಿ ಒಂಬತ್ತಾಯಿತು. ಕನ್ನಡಕದ ಗಾಜು ಒರೆಸುವ ಮೆತ್ತನೆಯ ಬಟ್ಟೆಯಲ್ಲಿ ಎಲೆಗಳ ಧೂಳು ಒರೆಸುತ್ತಿದ್ದರು. ಗಿಡಕ್ಕೆ ನೀರು ಹಾಕುವಾಗ ಮಾತ್ರ ಮೂಗಿಗೆ ಕರವಸ್ತ್ರ.

ಕೆಳಗಿನ ಮನೆಯಲ್ಲಿ ಅದೇ ಚಹಾ ಕಂಪನಿಯ ಹಾಜರಿ ಗುಮಾಸ್ತರು ಇದ್ದದ್ದೇ ಒಂದು ತಲೆನೋವು. ಒಮ್ಮೆ ಅವರು ತಲೆ ಎತ್ತಿ, "ಏನ್ ಸಾರ್ ಅದು, ಕೆಂಪಗೆ ಮುದ್ದಾಗಿದೆ?" ಎಂದು ಕೇಳಿದರು.

"ಅಲಂಕಾರದ ಗಿಡ" ಎಂದರು ದೊಡ್ಡಪ್ಪ, ಮುಖದ ಮೇಲೆ ಒಂದು ಗೆರೆಯೂ ಅಲುಗದಂತೆ.

"ನಮಗೂ ಒಂದು ಕೊಡಿ, ಹಾಲಲ್ಲಿ ಇಡೋಣ."

ಕೊಡದೆ ವಿಧಿಯಿಲ್ಲ, ಕೊಟ್ಟರು. ಎರಡು ವಾರದ ನಂತರ ಗುಮಾಸ್ತರ ಅತ್ತೆ ಅದರ ಒಂದು ಕಾಯಿ ಕಿತ್ತು, ಬೆರಳಲ್ಲಿ ಹಿಸುಕಿ ವಾಸನೆ ನೋಡಿ, ಅದೇ ಬೆರಳಲ್ಲಿ ಕಣ್ಣುಜ್ಜಿಕೊಂಡರು. ಇಡೀ ಕಟ್ಟಡ ಸೇರಿತು. "ಈ ಅಲಂಕಾರದ ಗಿಡಗಳೇ ಹಾಗೆ, ಕೆಲವರಿಗೆ ಒಗ್ಗಲ್ಲ" ಎಂದು ದೊಡ್ಡಪ್ಪ ಗಂಭೀರವಾಗಿ ತಲೆಯಾಡಿಸಿ ಕುಂಡವನ್ನು ವಾಪಸು ಹೊತ್ತು ತಂದರು.

ದೊಡ್ಡಮ್ಮನೂ ಹುಡುಗಾಟಕ್ಕೆ ಖಾರ ತಿನ್ನುತ್ತಿರಲಿಲ್ಲ. ಯಾವ ಕಾಯಿ ತಿಂದರೆ ಎಷ್ಟು ಹೊತ್ತಿಗೆ ನಾಲಿಗೆ ತಿಳಿಯಾಗುತ್ತದೆ ಎಂದು ತಾನೇ ಪರೀಕ್ಷೆ ಮಾಡಿ, ಒಂದು ಕಟ್ಟುಪಾಡು ಮಾಡಿಕೊಂಡಿದ್ದಳು. ಶುಕ್ರವಾರ ಸಂಜೆ ಕೆಲಸ ಮುಗಿದ ಮೇಲೆ ಶುರು, ಶನಿವಾರ ಮಧ್ಯಾಹ್ನಕ್ಕೆ ಮುಕ್ತಾಯ. ಭಾನುವಾರ ಮೊಸರು, ಬೇಯಿಸಿದ ಆಲೂಗಡ್ಡೆ, ಮೌನ. ಸೋಮವಾರ ಬೆಳಿಗ್ಗೆ ಮತ್ತೆ ಚಮಚ.

ಆ ಮುಕ್ಕಾಲು ದಿನದ ಸಂಭ್ರಮ ನೋಡಬೇಕಿತ್ತು. ಶುಕ್ರವಾರ ನಿಂಬೆಹಣ್ಣಿನ ಪಾನಕಕ್ಕೆ ಉಪ್ಪು ಹಾಕಿ, ಉದ್ದಕ್ಕೆ ಸೀಳಿದ ಹಸಿಮೆಣಸಿನಕಾಯಿಯನ್ನು ಲೋಟದಲ್ಲಿ ನಿಲ್ಲಿಸಿ, ಅದು ನೀರಿಗೆ ತನ್ನ ಗುಣ ಬಿಡುವವರೆಗೆ ಲೋಟದ ಮುಂದೆಯೇ ಕೂರುತ್ತಿದ್ದಳು. ಬೇಯಿಸಿದ ಮೊಟ್ಟೆಯ ಹೋಳಿನ ಮೇಲೆ ಬೆಣ್ಣೆಯಲ್ಲಿ ಹುರಿದ ಮೆಣಸಿನಕಾಯಿ. ಶನಿವಾರ ಬೆಳಿಗ್ಗೆ ಕೋಕೋ. ಹಾಲಿಗೆ ಒಣಮೆಣಸಿನಕಾಯಿ ಮುರಿದು ಹಾಕಿ ಕುದಿಸಿ, ಸೋಸಿ, ಕೋಕೋ ಬೆರೆಸಿ ಕುಡಿಯುವುದು.

"ಹೇಗಿರುತ್ತೆ ದೊಡ್ಡಮ್ಮ?" ಎಂದು ನಾನು ಕೇಳಿದ್ದೆ.

"ನಾದಿನಿ ಇದ್ದ ಹಾಗೆ. ಬಾಗಿಲಲ್ಲಿ ಸಿಹಿಯಾಗಿ ಮಾತಾಡಿಸ್ತಾಳೆ. ಒಳಗೆ ಬಂದ್ಮೇಲೆ ಗೊತ್ತಾಗುತ್ತೆ."

ಹೀಗೆ ಹತ್ತೊಂಬತ್ತು ವರ್ಷ ಸುಸೂತ್ರವಾಗಿ ನಡೆಯಿತು. ಆಮೇಲೆ ಹತ್ತನೆಯ ಕುಂಡ ಬಂತು.

ದೊಡ್ಡಪ್ಪನ ಅಂಗಡಿಗೆ ಬರುವ ಹಡಗಿನ ಕೆಲಸದವನೊಬ್ಬ, ಕನ್ನಡಕ ಚೆನ್ನಾಗಿ ಹೊಂದಿತೆಂಬ ಖುಷಿಗೆ, ಯಾವುದೋ ದೂರದ ಬಂದರಿನಿಂದ ತಂದ ನಾಲ್ಕು ಬೀಜ ಕೊಟ್ಟಿದ್ದ. ಅದರಲ್ಲೊಂದನ್ನು ನೆಟ್ಟರು. ಗಿಡ ಬೆಳೆಯಿತು, ಹೂ ಬಿಟ್ಟಿತು, ಒಂದೇ ಒಂದು ಕಾಯಿ ಕಟ್ಟಿತು. ಹಳದಿ ಬಣ್ಣ, ಸುಕ್ಕುಸುಕ್ಕು, ಗುಂಡಿಯಷ್ಟು ಗಾತ್ರ. ದೊಡ್ಡಮ್ಮ ದಿನಾ ಬೆಳಿಗ್ಗೆ ಅದರ ಆರೋಗ್ಯ ವಿಚಾರಿಸಿ ಕೆಲಸಕ್ಕೆ ಹೋಗುತ್ತಿದ್ದಳು. ಕೊನೆಗೆ ಒಂದು ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅದನ್ನು ಕಿತ್ತು, ತೊಳೆದು, ತಟ್ಟೆಯ ನಡುವೆ ಇಟ್ಟು, ಅರ್ಧ ಕಚ್ಚಿದಳು.

"ಹಣ್ಣಿನ ವಾಸನೆ ಕಣ್ರೀ" ಎಂದಳು. "ಇಷ್ಟೇನಾ?" ಎಂದು ಉಳಿದರ್ಧವನ್ನೂ ಬಾಯಿಗೆ ಹಾಕಿಕೊಂಡಳು.

ಮುಂದಿನ ಮಾತು ಹೊರಡಲಿಲ್ಲ. ಕಿವಿಯೊಳಗೆ ಯಾರೋ ಬಾಗಿಲು ಧಡಾರನೆ ಹಾಕಿಕೊಂಡಂತಾಯಿತು ಎಂದು ಅವಳು ಆಮೇಲೆ ಹೇಳುತ್ತಿದ್ದಳು. ನೀರು ಕುಡಿದಳು, ಇನ್ನೂ ಉರಿಯಿತು. ಮೊಸರು ತಿಂದಳು, ಸಕ್ಕರೆ ಮುಕ್ಕಿದಳು, ನಾಲಿಗೆ ಹೊರಗೆ ಚಾಚಿ ಫ್ಯಾನಿನ ಕೆಳಗೆ ನಿಂತಳು. ಇಷ್ಟರ ನಡುವೆಯೂ ಮುಖದಲ್ಲಿ ಒಂದು ನಗು ಇತ್ತಂತೆ. "ಹೆದರಿಕೆಯಾಗಿದ್ದು ಆ ನಗು ನೋಡಿಯೇ" ಎನ್ನುತ್ತಾರೆ ದೊಡ್ಡಪ್ಪ.

ಆಗ ಫೋನು ಬಡಿದುಕೊಂಡಿತು. ದೊಡ್ಡಪ್ಪ ಎತ್ತಿದರು. ಸೋಮವಾರ ಬರಬೇಕಿದ್ದ ದೊಡ್ಡ ವ್ಯಾಪಾರಿ ಇವತ್ತೇ ಬಂದಿಳಿದಿದ್ದಾರೆ, ಸಂಜೆಯ ರೈಲಿಗೆ ಹೊರಡುತ್ತಾರೆ, ಹನ್ನೆರಡಕ್ಕೆ ರುಚಿ ಪರೀಕ್ಷೆ, ಕಾರು ಆಗಲೇ ಹೊರಟಿದೆ.

"ಅವಳಿಗೆ ಹುಷಾರಿಲ್ಲ" ಎನ್ನಲು ದೊಡ್ಡಪ್ಪ ಬಾಯಿ ತೆರೆದರು. ಅಷ್ಟರಲ್ಲಿ ಕೆಳಗೆ ಹಾರ್ನ್ ಕೇಳಿಸಿತು. ಬಾಲ್ಕನಿಯಿಂದ ಇಣುಕಿದರೆ, ಕಾರಿನ ಮುಂದಿನ ಸೀಟಿನಲ್ಲಿ ಹಾಜರಿ ಗುಮಾಸ್ತರು ಕೈ ಬೀಸುತ್ತಿದ್ದಾರೆ.

ಬಾಯಲ್ಲಿ ಒಂದು ಮಂಜುಗಡ್ಡೆಯ ತುಂಡು ಇಟ್ಟುಕೊಂಡು ದೊಡ್ಡಮ್ಮ ಮೆಟ್ಟಿಲಿಳಿದಳು. ದಾರಿಯುದ್ದಕ್ಕೂ ಗುಮಾಸ್ತರ ಪ್ರಶ್ನೆಗಳಿಗೆಲ್ಲ "ಹೂಂ" ಒಂದೇ ಉತ್ತರ.

ರುಚಿ ಕೋಣೆಯ ದೊಡ್ಡ ಕಿಟಕಿಯ ಕೆಳಗೆ ಉದ್ದನೆಯ ಬಿಳಿ ಕಟ್ಟೆ. ಅದರ ಮೇಲೆ ಹದಿನೆಂಟು ಬಿಳಿ ಬಟ್ಟಲು, ಪ್ರತಿ ಬಟ್ಟಲಿನ ಹಿಂದೆ ಅದರ ಚಹಾ ಎಲೆ. ಪಕ್ಕದಲ್ಲಿ ಗಾಲಿಯ ಪೀಕದಾನಿ. ಒಂದು ಚಮಚ ಚಹಾವನ್ನು ಸೊರ್‍ರೆಂದು ಎಳೆದು, ಬಾಯೊಳಗೆ ಸುತ್ತಾಡಿಸಿ, ಉಗುಳಿ, ಅಂಕ ಹೇಳಿ ಮುಂದಕ್ಕೆ ಹೋಗಬೇಕು. ಮೊದಲು ದೊಡ್ಡ ಸಾಹೇಬರು, ಅವರ ಹಿಂದೆ ದೊಡ್ಡಮ್ಮ, ಕೊನೆಯಲ್ಲಿ ಕೊಳ್ಳಲು ಬಂದ ದಪ್ಪ ಮೀಸೆಯ ವ್ಯಾಪಾರಿ.

ಮೊದಲ ಚಮಚ ಎಳೆದಾಗಲೇ ಅವಳಿಗೆ ಗೊತ್ತಾಯಿತು, ಬಾಯಲ್ಲಿರುವುದು ನಾಲಿಗೆಯಲ್ಲ, ಮರದ ಹಲಗೆ. ಬಿಸಿ ಚಹಾ ತಾಗಿದ್ದೇ ತಡ, ಆರುತ್ತಿದ್ದ ಉರಿ ಮತ್ತೆ ಎದ್ದು ಕೂತಿತು. ಓಡಿಹೋಗುವಂತಿಲ್ಲ, ಬಾಯಿ ಬಿಡುವಂತಿಲ್ಲ. ಅವಳು ಎಲೆಯ ಬಣ್ಣ ನೋಡಿದಳು, ಬಟ್ಟಲಿನ ಅಂಚಿನ ಹೊಳಪು ನೋಡಿದಳು. ಎಲ್ಲಕ್ಕಿಂತ ಹೆಚ್ಚಾಗಿ ದೊಡ್ಡ ಸಾಹೇಬರ ಎಡಹುಬ್ಬು ನೋಡಿದಳು. ಚಹಾ ಒಳ್ಳೆಯದಿದ್ದರೆ ಆ ಹುಬ್ಬು ಒಂದು ಕೂದಲೆಳೆಯಷ್ಟು ಮೇಲೇಳುತ್ತದೆ ಎಂಬುದು ಹತ್ತೊಂಬತ್ತು ವರ್ಷದಲ್ಲಿ ಅವಳು ಕಂಡುಕೊಂಡ ಗುಟ್ಟು. ಹುಬ್ಬು ಎದ್ದರೆ ಎಂಟು, ಎದ್ದಿಲ್ಲದಿದ್ದರೆ ಐದು. ಅನುಮಾನ ಬರದಿರಲಿ ಎಂದು ಎಂದಿಗಿಂತ ಜೋರಾಗಿ ಸೊರ್‍ರೆಂದಳು.

ಎಂಟು ಬಟ್ಟಲು ಹೇಗೋ ದಾಟಿತು. ಒಂಬತ್ತನೆಯದು ಬಹಳ ದಿನದಿಂದ ಗೋದಾಮಿನಲ್ಲಿ ಉಳಿದಿದ್ದ, ಯಾರಿಗೂ ಬೇಡವಾಗಿದ್ದ ಚಹಾ. ಸಾಲು ತುಂಬಲಿ ಎಂದು ಇಟ್ಟದ್ದು. ಅದರ ಚಮಚ ಬಾಯಿಗೆ ಹೋದ ಹೊತ್ತಿಗೆ, ಅಷ್ಟು ಹೊತ್ತು ತಡೆದಿದ್ದ ಕಣ್ಣೀರು ಎರಡೂ ಕೆನ್ನೆಯ ಮೇಲೆ ಧಾರೆಯಾಗಿ ಇಳಿಯಿತು. ಮೂಗೂ ಜೊತೆಗೂಡಿತು. ಅವಳು ಕರವಸ್ತ್ರ ಹುಡುಕಿದಳು. ಇರಲಿಲ್ಲ. ಹಾಗೇ ನಿಂತಳು.

ವ್ಯಾಪಾರಿ ಅವಳನ್ನೇ ನೋಡಿದರು. ಬಟ್ಟಲನ್ನು ನೋಡಿದರು. ಒಂದು ಚಮಚ ಎಳೆದರು, ಮತ್ತೊಂದು ಎಳೆದರು. ಹದಿನೆಂಟೂ ಮುಗಿದ ಮೇಲೆ ವಾಪಸು ಬಂದು ಒಂಬತ್ತರ ಮುಂದೆ ನಿಂತು, "ಇದು ಎಷ್ಟಿದೆಯೋ ಅಷ್ಟೂ ನನಗೇ" ಎಂದರು.

ಭಾನುವಾರವಿಡೀ ದೊಡ್ಡಮ್ಮನಿಗೆ ಊಟ ಸೇರಲಿಲ್ಲ. "ಪಾಪ, ನನ್ನ ಕಣ್ಣೀರು ನೋಡಿ ಮೋಸ ಹೋದ್ರು ಕಣ್ರೀ. ಇಷ್ಟು ವರ್ಷ ಕದ್ದು ತಿಂದೆ, ಯಾರಿಗೂ ನಷ್ಟ ಮಾಡಿರ್ಲಿಲ್ಲ" ಎಂದು ಕೊರಗಿದಳು. ಸೋಮವಾರ ಬೆಳಿಗ್ಗೆ ಬೆಳ್ಳಿ ಚಮಚವನ್ನು ಒರೆಸಿ, ಕಾಗದದಲ್ಲಿ ಸುತ್ತಿ, ದೊಡ್ಡ ಸಾಹೇಬರ ಮೇಜಿನ ಮೇಲಿಟ್ಟಳು.

"ಸಾರ್, ಒಂದು ವಿಷಯ ಹೇಳ್ಬೇಕಿತ್ತು."

ಸಾಹೇಬರು ಕಾಗದಪತ್ರದಿಂದ ತಲೆ ಎತ್ತಲಿಲ್ಲ. "ಶನಿವಾರದ್ದು ಯಾವ ಜಾತಿ ಮೆಣಸಿನಕಾಯಿ?"

ದೊಡ್ಡಮ್ಮ ಕುರ್ಚಿ ಹುಡುಕಿ ಕೂತಳು.

"ಗೊತ್ತಿತ್ತಾ ಸಾರ್?"

"ನನ್ನ ಮೂಗನ್ನ ಏನಂತ ತಿಳ್ಕೊಂಡಿದ್ದೀರಿ ನೀವು? ಹತ್ತೊಂಬತ್ತು ವರ್ಷದಿಂದ ಪ್ರತಿ ಸೋಮವಾರ ನಿಮ್ಮ ಕೈಚೀಲದಲ್ಲಿ ಮೆಣಸಿನಕಾಯಿ ತೊಟ್ಟಿನ ವಾಸನೆ. ಮೊದಲ ಮೂರು ವರ್ಷ, ನೀವು ಸೋಮವಾರ ಅಂಕ ಕೊಟ್ಟ ಪ್ರತಿಯೊಂದು ಬಟ್ಟಲನ್ನೂ ನೀವು ಹೋದ್ಮೇಲೆ ನಾನು ಮತ್ತೆ ಮಾಡಿಸಿ ಕುಡಿದು ನೋಡಿದೆ. ಒಂದು ತಪ್ಪು ಸಿಕ್ಕಿದ್ರೂ ಮನೆಗೆ ಕಳಿಸ್ತಿದ್ದೆ."

"ಸಿಗ್ಲಿಲ್ವಾ?"

"ಸಿಗ್ಲಿಲ್ಲ. ಆಮೇಲೆ ನನಗೇ ಸುಸ್ತಾಯ್ತು." ಅವರು ಪೆನ್ನು ಕೆಳಗಿಟ್ಟರು. "ಆದ್ರೆ ಶನಿವಾರ ಮಾತ್ರ ನೀವು ಚಹಾ ನೋಡ್ಲೇ ಇಲ್ಲ. ನನ್ನ ಹುಬ್ಬು ನೋಡಿದ್ರಿ."

ದೊಡ್ಡಮ್ಮನ ಮುಖ ಇಂಗು ತಿಂದ ಮಂಗನಂತಾಯಿತು.

"ಅನುಮಾನ ಬಂತು. ಹದಿಮೂರನೇ ಬಟ್ಟಲು ಕಸ. ಬೇಕಂತಲೇ ಹುಬ್ಬು ಎತ್ತಿದೆ. ನೀವು ಎಂಟು ಅಂದ್ರಿ."

ಇಷ್ಟು ಹೇಳಿ ಅವರು ಕೆಮ್ಮಿದರು. ಅದು ಕೆಮ್ಮಲ್ಲ, ನಗುವೇ ಎಂದು ದೊಡ್ಡಮ್ಮ ಇವತ್ತಿಗೂ ಆಣೆ ಹಾಕಿ ಹೇಳುತ್ತಾಳೆ. ಚಮಚವನ್ನು ಅವಳ ಕಡೆಗೆ ತಳ್ಳಿ, "ಆ ವ್ಯಾಪಾರಿಗೆ ಇದ್ದದ್ದು ಇದ್ದ ಹಾಗೆ ಬರೀರಿ. ವಾಪಸ್ ಕೊಡ್ತೀನಿ ಅಂದ್ರೆ ತಗೊಳ್ಳೋಣ" ಎಂದರು.

ಅವಳು ಬರೆದಳು. ಮೆಣಸಿನಕಾಯಿ, ಮಂಜುಗಡ್ಡೆ, ಹುಬ್ಬು, ಕಣ್ಣೀರು, ಯಾವುದನ್ನೂ ಮುಚ್ಚಿಡಲಿಲ್ಲ. ಹದಿನೈದು ದಿನ ಅಂಚೆಯವರು ಬರುವ ಹೊತ್ತಿಗೆ ಗೇಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ಕೊನೆಗೆ ಉತ್ತರ ಬಂತು.

"ಮಾನ್ಯರೇ, ಯಾರೋ ಅತ್ತರೆಂದು ಚಹಾ ಕೊಳ್ಳುವವನಾಗಿದ್ದರೆ ನನ್ನ ಅಂಗಡಿ ಎಂದೋ ಮುಚ್ಚಿರುತ್ತಿತ್ತು. ನಿಮ್ಮ ಕಣ್ಣೀರು ಕಂಡಾಗ, ಮನೆಯಲ್ಲಿ ಏನೋ ಸಂಕಟವಿರಬೇಕು, ಕೇಳುವುದು ಸರಿಯಲ್ಲ ಎಂದು ಸುಮ್ಮನಿದ್ದೆ. ಒಂಬತ್ತನೆಯ ಚಹಾ ನಮ್ಮೂರಿನ ಗಡಸು ನೀರಿಗೆ ಹೇಳಿ ಮಾಡಿಸಿದಂತಿದೆ. ಅದಕ್ಕೇ ಕೊಂಡೆ. ಜನ ಇಷ್ಟಪಟ್ಟು ಒಯ್ಯುತ್ತಿದ್ದಾರೆ. ಅದಿರಲಿ, ಆ ಹಳದಿ ಕಾಯಿಯ ಬೀಜ ಸ್ವಲ್ಪ ಸಿಗಬಹುದೇ?"

ಸಮಾಧಾನವಾಗಬೇಕಿತ್ತು. ದೊಡ್ಡಮ್ಮನಿಗೆ ಕೋಪ ಬಂತು. "ಹದಿನೈದು ದಿನ ನಿದ್ದೆಗೆಟ್ಟೆ. ನನ್ನ ಕಣ್ಣೀರಿಗೆ ಒಂದು ಬಟ್ಟಲು ಚಹಾ ಮಾರೋ ಯೋಗ್ಯತೇನೂ ಇಲ್ವಂತೆ ನೋಡಿ!" ಎಂದು ದೊಡ್ಡಪ್ಪನ ಮೇಲೆ ಹರಿಹಾಯ್ದಳು. ಆದರೂ ನೆಡದೆ ಉಳಿದಿದ್ದ ಮೂರು ಬೀಜ ಕಳಿಸಿದಳು.

ಕಾಗದವನ್ನು ದೊಡ್ಡ ಸಾಹೇಬರೂ ಓದಿದರು. ಎರಡು ಸಲ ಓದಿದರು. ಮಡಿಸಿ ಕೊಡುವಾಗ, ಕುಂಬಳಕಾಯಿಯ ಡಬ್ಬಿಯ ಮೇಲೆ ಕೈಯಿಟ್ಟುಕೊಂಡು, "ನೀವೂ ತಿಂತೀರಿ, ಅವರೂ ಕೇಳ್ತಾರೆ. ಏನಿರುತ್ತೆ ಅದರಲ್ಲಿ?" ಎಂದರು.

"ಸಾರ್, ನೀವು ಒಂದ್ಸಲಾನೂ..."

"ಇಲ್ಲ."

"ಚಿಕ್ಕವರಿದ್ದಾಗ?"

"ಇಲ್ಲ ಅಂದ್ನಲ್ಲ."

ಆ ಶುಕ್ರವಾರ ಸಂಜೆ ಐದು ಗಂಟೆಗೆ, ಬಟ್ಟಲುಗಳನ್ನೆಲ್ಲ ತೊಳೆದು ಬೋರಲು ಹಾಕಿದ ಮೇಲೆ, ದೊಡ್ಡಮ್ಮ ಕೈಚೀಲದಿಂದ ಒಂದು ಪೊಟ್ಟಣ ತೆಗೆದಳು. ಇನ್ನೊಂದು ಹಳದಿ ಕಾಯಿ ಬಿಟ್ಟಿದ್ದರೂ ಅದನ್ನು ತರುವಷ್ಟು ನಿರ್ದಯಿ ಅವಳಲ್ಲ. ಮನೆಯಲ್ಲಿ ಒಣಗಿಸಿದ್ದ ಸಾಧಾರಣ ಕೆಂಪು ಮೆಣಸಿನಕಾಯಿ, ಅದರದ್ದೂ ಉಗುರಿನಷ್ಟು ಚೂರು. ಸಾಹೇಬರು ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು. ಚೂರನ್ನು ಪುಟ್ಟ ತಕ್ಕಡಿಯಲ್ಲಿ ತೂಗಿದರು. ಬೆಳಕಿಗೆ ಹಿಡಿದರು, ಮೂಸಿದರು, ಪುಸ್ತಕದಲ್ಲಿ ಏನೋ ಗೀಚಿದರು. ಆಮೇಲೆ ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡು ಮುಂದಿನ ಹಲ್ಲಲ್ಲಿ ಅಗಿದರು.

ಮೊದಲು ಎಡಹುಬ್ಬು ಎದ್ದಿತು. ಕೂದಲೆಳೆಯಷ್ಟಲ್ಲ, ಹಣೆಯ ಮಧ್ಯದವರೆಗೆ. ಹಿಂದೆಯೇ ಬಲಹುಬ್ಬೂ ಎದ್ದಿತು. ಆಮೇಲೆ "ಹಿಕ್" ಎಂಬ ಸದ್ದು ಬಂತು.

"ಉಗುಳಿಬಿಡಿ ಸಾರ್!"

ಸಾಹೇಬರು ಬೆರಳೆತ್ತಿ, ಸುಮ್ಮನಿರಿ ಎಂದು ಸನ್ನೆ ಮಾಡಿದರು. ನುಂಗಿದರು. ಜೀವನದಲ್ಲಿ ಅವರು ಆ ಕೋಣೆಯಲ್ಲಿ ರುಚಿ ನೋಡಿದ್ದನ್ನು ಉಗುಳದೆ ನುಂಗಿದ್ದು ಅದೊಂದೇ ಇರಬೇಕು. ಬಿಕ್ಕಳಿಕೆ ಮುಕ್ಕಾಲು ಗಂಟೆ ನಿಲ್ಲಲಿಲ್ಲ. ಸಕ್ಕರೆಗೂ ಜಗ್ಗಲಿಲ್ಲ, ನೀರಿಗೂ ಜಗ್ಗಲಿಲ್ಲ. ಕೊನೆಗೆ ಹಾಜರಿ ಗುಮಾಸ್ತರು ಅವರನ್ನು ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಮನೆಗೆ ಬಿಟ್ಟು ಬಂದರು. "ಏನಾಯ್ತು ಮೇಡಂ, ಚಹಾ ಕೆಟ್ಟಿತ್ತಾ?" ಎಂದು ಅವರು ಕೇಳಿದ್ದಕ್ಕೆ ದೊಡ್ಡಮ್ಮ, "ವಯಸ್ಸಾಯ್ತಲ್ಲ, ಪಾಪ" ಎಂದಳು.

ಸೋಮವಾರ ಬೆಳಿಗ್ಗೆ ಅವಳು ಹೆದರಿಕೊಂಡೇ ಕೋಣೆಯ ಬಾಗಿಲು ತೆರೆದಳು. ಸಾಹೇಬರು ಎಂದಿನಂತೆ ಇಸ್ತ್ರಿ ಮಾಡಿದ ಅಂಗಿಯಲ್ಲಿ, ಎಂದಿನ ಕುರ್ಚಿಯಲ್ಲಿ ಕೂತಿದ್ದರು. ಮುಂದೆ ಪುಸ್ತಕ ತೆರೆದಿತ್ತು.

"ಏಳು" ಎಂದರು.

"ಏನು ಸಾರ್?"

"ಹತ್ತಕ್ಕೆ ಏಳು. ಬಣ್ಣ ಚೆನ್ನಾಗಿದೆ. ಮೊದಲು ಒಣದ್ರಾಕ್ಷಿ ಥರ ಒಂದು ಸಿಹಿ ಇದೆ, ಅದನ್ನ ಯಾರೂ ಗಮನಿಸಲ್ಲ ಅನ್ಸುತ್ತೆ. ಆದ್ರೆ ಒಂದು ದೋಷ ಇದೆ. ಹೊಗೆ. ಇದನ್ನ ಒಲೆ ಮೇಲ್ಗಡೆ ಇಟ್ಟು ಒಣಗಿಸಿದ್ದಾರೆ. ಸೀಮೆಎಣ್ಣೆ ಸ್ಟೋವ್, ಬತ್ತಿ ಸರಿಯಾಗಿ ಕತ್ತರಿಸಿಲ್ಲ."

ಸಂಜೆ ಮನೆಗೆ ಬಂದ ದೊಡ್ಡಮ್ಮ ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ನುಗ್ಗಿ ಸ್ಟೂಲು ಹಾಕಿ ಹತ್ತಿದಳು. ಸ್ಟೋವಿನ ಮೇಲಿನ ಹಲಗೆಯ ಮೂಲೆಯಲ್ಲಿ, ಹಳೆಯ ಕನ್ನಡಕದ ತಟ್ಟೆಯೊಂದರಲ್ಲಿ, ಕೆಂಪು ಮೆಣಸಿನಕಾಯಿಗಳು ಸಾಲಾಗಿ ಮಲಗಿದ್ದವು.

"ರೀ! ಬಿಸಿಲಲ್ಲಿ ಒಣಗಿಸ್ತೀನಿ ಅಂದಿದ್ರಲ್ಲ?"

"ಬಾಲ್ಕನೀಲಿ ಇಟ್ರೆ ಕೆಳಮನೆಯವರು ನೋಡ್ತಾರೆ ಅಂತ ಇಲ್ಲಿಟ್ಟೆ ಕಣೇ" ಎಂದರು ದೊಡ್ಡಪ್ಪ, ಮೂಗಿನ ಕರವಸ್ತ್ರದ ಒಳಗಿಂದ. "ಎಷ್ಟೋ ವರ್ಷದಿಂದ ಇಲ್ಲೇ ಒಣಗಿಸ್ತಿದೀನಿ. ನೀನು ಒಂದು ದಿನಾನೂ ಏನೂ ಅನ್ಲಿಲ್ವಲ್ಲ?"

ದೊಡ್ಡಮ್ಮ ಒಂದು ವಾರ ದೊಡ್ಡಪ್ಪನ ಹತ್ತಿರ ಮಾತು ಬಿಟ್ಟಳು. ಹೊಗೆಗೆ ಅಲ್ಲ. ಸ್ಟೋವಿನ ಬತ್ತಿಯವರೆಗೂ ಹೋದ ಆ ನಾಲಿಗೆ, ಅಷ್ಟು ವರ್ಷ ಕುಂಬಳಕಾಯಿ ಬಿಟ್ಟು ಬೇರೇನೂ ಕಾಣದ ನಾಲಿಗೆ, ತನ್ನದಾಗಿರಲಿಲ್ಲವಲ್ಲ ಎಂಬ ಹೊಟ್ಟೆಕಿಚ್ಚಿಗೆ.